ದಡ ನೋಡಿ ಹೇಳಬೇಕಾದ ಮಾತು

1959ರ ನವೆಂಬರಿನಲ್ಲಿ, ದೀಪಾವಳಿ ಕಳೆದು ಕೆಲವು ದಿನಗಳಾದ ಮೇಲೆ, ಬಂಟ್ವಾಳ ಪೇಟೆಯ ಒಬ್ಬ ಇಂಗ್ಲಿಷ್ ಮಾಸ್ಟ್ರ ಹೆಂಡತಿಯನ್ನು ಆಕೆಯ ಅಣ್ಣ ಬಾಡಿಗೆ ಕಾರಿನಲ್ಲಿ ಮುಂಡಾಜೆಯ ತವರುಮನೆಗೆ ಕರೆದುಕೊಂಡು ಹೋದರು. ಆಕೆಯ ಮಾತು ನಿಂತು ಆಗ ಒಂದು ವರ್ಷ ಕಳೆದಿತ್ತು. ಕಾರು ಹೊರಡುವಾಗ ನಾನು ಅಲ್ಲಿದ್ದೆ.

ಹತ್ತು ವರ್ಷದ ಹಿಂದಿನ ಈ ಸಂಗತಿಯನ್ನು ಈಗ ನೆನಪಿಸಿದ್ದು ಮೀನೆಣ್ಣೆಯ ವಾಸನೆ. ಕಳೆದ ತಿಂಗಳು ಪಾಣೆಮಂಗಳೂರಿನಲ್ಲಿ ಬಸ್ಸು ಕೆಟ್ಟು ನಿಂತಾಗ ಹೊಳೆಯ ಕಡೆಗೆ ಇಳಿದೆ. ಮರಳಿನ ಮೇಲೆ ಮಗುಚಿ ಹಾಕಿದ ಒಂದು ದೋಣಿಗೆ ಒಬ್ಬ ಮುದುಕ ಬಟ್ಟೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ ಹಚ್ಚುತ್ತಿದ್ದ. ಬಿಸಿಲಿಗೆ ಕಾದ ಹಲಗೆ, ಅದರ ಮೇಲೆ ಬೂತಾಯಿ ಮೀನಿನ ಎಣ್ಣೆ. ಆ ವಾಸನೆ ಮೂಗಿಗೆ ಬಡಿದದ್ದೇ, ಮಾಸ್ಟ್ರು ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನೀರಿನ ಅಂಚಿನಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು...

ಆ ದಿನಗಳಲ್ಲಿ ನಾನು ಮಂಗಳೂರಿನ ಒಂದು ಪತ್ರಿಕೆಗೆ ಬಂಟ್ವಾಳದಿಂದ ಸುದ್ದಿ ಕಳಿಸುತ್ತಿದ್ದೆ. ಪೇಟೆಯಿಂದ ಹೊಳೆಗೆ ಇಳಿಯುವ ದಾರಿಯಲ್ಲಿ ಒಂದೇ ಮಾಡಿನ ಕೆಳಗೆ ಮೂರು ಬಿಡಾರಗಳಿದ್ದವು. ಒಂದು ತುದಿಯಲ್ಲಿ ನಾನು, ನಡುವೆ ಮಾಸ್ಟ್ರು ಮತ್ತು ಅವರ ಹೆಂಡತಿ, ಆಚೆ ತುದಿಯಲ್ಲಿ ಹಂಚಿನ ಕಾರ್ಖಾನೆಯ ಗುಮಾಸ್ತರ ಸಂಸಾರ. ಗುಮಾಸ್ತರ ಹೆಂಡತಿಯನ್ನು ನಾವೆಲ್ಲ ಬಾಯಮ್ಮ ಎನ್ನುತ್ತಿದ್ದೆವು. ಮೂರು ಬಿಡಾರಕ್ಕೂ ಜಗಲಿ ಒಂದೇ. ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ಕೇಳಿಸದೆ ಇರುವ ಹಾಗಿರಲಿಲ್ಲ.

ಮಾಸ್ಟ್ರು ಮೂಡಬಿದಿರೆಯ ಕಡೆಯವರು. ತೆಳ್ಳಗೆ, ಎತ್ತರವಾಗಿ ಇದ್ದರು. ಮನೆಯಲ್ಲಿ ತುಳು, ಪಾಠ ಹೇಳುವಾಗ ಮಾತ್ರ ನಿಧಾನದ ಕನ್ನಡ. ಭಾನುವಾರಗಳಲ್ಲಿ ಎಸ್ಸೆಸ್ಸೆಲ್ಸಿ ಹುಡುಗರು ಜಗಲಿಯ ಮೇಲೆ ಕೂತು ಇಂಗ್ಲಿಷ್ ಕಲಿಯುತ್ತಿದ್ದರು. ಮಾಸ್ಟ್ರ ಕ್ರಮ ಬೇರೆ ಯಾವ ಶಾಲೆಯಲ್ಲೂ ನಾನು ಕಾಣದ್ದು. ಒಂದು ಇಂಗ್ಲಿಷ್ ನುಡಿಗಟ್ಟು ಹೇಳುತ್ತಿದ್ದರು, ಅದರ ಅರ್ಥ ಬಿಡಿಸುತ್ತಿದ್ದರು, ಆಮೇಲೆ ಪ್ರತಿಯೊಬ್ಬನೂ ಅದನ್ನು ಸೇರಿಸಿ ಒಂದು ವಾಕ್ಯ ಹೇಳಬೇಕು. ವಾಕ್ಯ ವ್ಯಾಕರಣದಲ್ಲಿ ಸರಿಯಿದ್ದರೆ ಸಾಲದು, ನಿಜವೂ ಆಗಿರಬೇಕು. ಆ ವಾರ ಹುಡುಗ ಕಣ್ಣಾರೆ ಕಂಡ ಸಂಗತಿಯಾಗಿರಬೇಕು.

ಒಂದು ಭಾನುವಾರದ ನುಡಿಗಟ್ಟು 'ಮೇಕಿಂಗ್ ಹೆಡ್‌ವೇ'. ನಾನು ನನ್ನ ಕೋಣೆಯಲ್ಲಿ ಬರೆಯುತ್ತ ಕೇಳಿಸಿಕೊಳ್ಳುತ್ತಿದ್ದೆ. ವಾಮದಪದವಿನಿಂದ ಬರುತ್ತಿದ್ದ ಒಬ್ಬ ಹುಡುಗ ಎದ್ದು, ತನ್ನ ಅಜ್ಜಿ ಹೆಡ್‌ವೇ ಮಾಡುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಅಜ್ಜಿ ಎಲ್ಲಿಗೆ ಹೊರಟದ್ದು ಮಾರಾಯ?"

"ಬಸ್ಸಿಗೆ, ಸಾರ್."

"ದಾರಿಯಲ್ಲಿ ಯಾರಾದರೂ ಅಡ್ಡ ನಿಂತಿದ್ದರಾ? ಗಾಳಿ ಉಂಟಾ, ಕೆಸರು ಉಂಟಾ?"

"ಏನೂ ಇಲ್ಲ ಸಾರ್. ಅಜ್ಜಿಗೆ ಬಸ್ಸು ಸಿಕ್ಕಿತು."

"ಹಾಗಾದರೆ ಅಜ್ಜಿ ನಡೆದದ್ದು, ಅಷ್ಟೆ. ಎದುರಿನಿಂದ ಏನೋ ತಳ್ಳುತ್ತಾ ಇರಬೇಕು, ಆದರೂ ಮುಂದೆ ಹೋಗಬೇಕು. ಆಗ ಮಾತ್ರ ಈ ಮಾತು. ಇಳಿಜಾರಿನಲ್ಲಿ ಹೋಗುವವನಿಗೆ ಇದನ್ನು ಖರ್ಚು ಮಾಡಬೇಡಿ."

ಹುಡುಗರು ನಕ್ಕರು. ಒಳಗಿನಿಂದ ಮಾಸ್ಟ್ರ ಹೆಂಡತಿ "ಬಲೆ" ಎಂದರು. ನಗು ನಿಂತಿತು.

ಆ ಹೆಂಗಸಿನ ವಿಷಯ ಇಲ್ಲಿ ಹೇಳಬೇಕು. 1958ರ ಮಳೆಗಾಲದಲ್ಲಿ ಆಕೆಗೆ ಪಾರ್ಶ್ವವಾಯು ಬಡಿಯಿತು. ವಯಸ್ಸು ಇನ್ನೂ ಮೂವತ್ತರ ಆಸುಪಾಸು, ಮಕ್ಕಳಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಿಂದ ಮರಳಿದಾಗ ಬಲಗೈ ಬಲ ಕಳೆದುಕೊಂಡಿತ್ತು, ಕಾಲು ಎಳೆಯುತ್ತಿತ್ತು, ಮಾತು ಹೋಗಿತ್ತು. ಉಳಿದದ್ದು ಒಂದೇ ಶಬ್ದ: ಬಲೆ. ತುಳುವಿನಲ್ಲಿ ಬನ್ನಿ ಎಂದು ಅರ್ಥ. ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ. ಹಾಲಿನವನಿಗೆ, ದಾರಿಯ ದನಕ್ಕೆ, ಬೇಡಲು ಬಂದವರಿಗೆ, ಎಲ್ಲರಿಗೂ ಬಲೆ. ಮಾತು ಬರುವುದಿದ್ದರೆ ಮೊದಲ ವರ್ಷದಲ್ಲಿ ಬರಬೇಕು, ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಇದನ್ನು ನನಗೆ ಹೇಳಿದವರು ಮಾಸ್ಟ್ರೇ.

ಭಾಷೆ ಕಲಿಸುವುದೇ ಅವರ ಕಸುಬು. ಹೆಂಡತಿಗೂ ಕಲಿಸಲು ಕೂತರು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಅಕ್ಕಿ ಗೇರುವ ತಡಪೆಯಲ್ಲಿ ನಾಲ್ಕಾರು ವಸ್ತುಗಳನ್ನು ಇಡುತ್ತಿದ್ದರು. ತೆಂಗಿನಕಾಯಿ, ಒಂದು ಲೋಟ ನೀರು, ಉಪ್ಪು, ವೀಳ್ಯದೆಲೆ. ಒಂದೊಂದನ್ನೇ ಎತ್ತಿ ಆಕೆಯ ಎಡಗೈಗೆ ಕೊಟ್ಟು ಅದರ ತುಳು ಹೆಸರು ಹೇಳುವುದು. ಆಕೆ ಅವರ ತುಟಿಯನ್ನೇ ನೋಡುವರು. ತನ್ನ ತುಟಿಯನ್ನೂ ಹಾಗೆಯೇ ಮಾಡಲು ಹೆಣಗುವರು. ಕತ್ತಿನ ನರ ಉಬ್ಬುತ್ತಿತ್ತು. ಕೊನೆಗೆ ಹೊರಗೆ ಬರುವುದು ಬಲೆ.

ಒಂದು ಕಟ್ಟುಪಾಡನ್ನೂ ಮಾಸ್ಟ್ರು ಮಾಡಿದ್ದರು. ಆಕೆ ಬಲೆ ಎಂದರೆ ಯಾರೂ ಓಗೊಡಬಾರದು. ಒಂದೇ ಮಾತಿನಲ್ಲಿ ಎಲ್ಲ ಕೆಲಸ ಆಗಿಬಿಟ್ಟರೆ ಉಳಿದ ಮಾತು ಯಾಕೆ ಬರಬೇಕು ಎನ್ನುವುದು ಅವರ ತರ್ಕ. ಬಾಯಮ್ಮನಿಗೆ ಇದು ಒಪ್ಪಿಗೆ ಇರಲಿಲ್ಲ.

"ಕರೆದರೆ ಹೋಗದೆ ಇರುವುದು ಹೇಗೆ ಮಾಸ್ಟ್ರೇ? ಇದು ಯಾವ ಸೀಮೆಯ ಪಾಠ?"

"ನೀವು ಹೋದರೆ ಅವಳಿಗೆ ಇವತ್ತು ಸುಖ ಬಾಯಮ್ಮ. ನಾಳೆಗೆ?"

"ನಾಳೆಯದನ್ನು ದೇವರು ನೋಡ್ತಾನೆ. ಇವತ್ತು ಅವಳಿಗೆ ಗಂಜಿ ಬೇಕು" ಎಂದು ಬಾಯಮ್ಮ ಒಳಗೆ ಹೋಗಿಯೇ ಹೋಗುತ್ತಿದ್ದರು. ಮಾಸ್ಟ್ರು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಆ ಮನೆ ನಡೆದದ್ದು ಬಾಯಮ್ಮನಿಂದ. ಇದು ಮಾಸ್ಟ್ರಿಗೂ ಗೊತ್ತಿತ್ತು.

ಮಾಸ್ಟ್ರೂ ನಾನೂ ಹೊಳೆಗೆ ಹೋದದ್ದು 1959ರ ಸೆಪ್ಟೆಂಬರಿನಲ್ಲಿ. ಒಂದು ಸೇತುವೆಯ ಕೆಲಸದ ಬಗ್ಗೆ ಸರಕಾರದ ಪ್ರಕಟಣೆ ಇಂಗ್ಲಿಷಿನಲ್ಲಿ ಬಂದಿತ್ತು. ಕೆಲಸ ಹೆಡ್‌ವೇ ಮಾಡುತ್ತಿದೆ ಎಂದು ಅದರಲ್ಲಿತ್ತು. 'ಕಾಮಗಾರಿ ಭರದಿಂದ ಸಾಗಿದೆ' ಎಂದು ಕನ್ನಡಿಸಿ, ಸರಿಯೇ ಎಂದು ಮಾಸ್ಟ್ರಿಗೆ ತೋರಿಸಿದೆ.

"ನೀವು ಹೋಗಿ ನೋಡಿದ್ದೀರಾ?"

"ಇಲ್ಲ. ನಾಳೆ ಹೋಗ್ತೇನೆ."

"ಭರದಿಂದ ಅನ್ನುವುದು ಇದರಲ್ಲಿ ಇಲ್ಲ. ಬನ್ನಿ, ಹೊಳೆಗೆ ಹೋಗುವ" ಎಂದು ಕೊಡೆ ತೆಗೆದುಕೊಂಡರು.

ಆಗ ಮಂಗಳೂರಿನಿಂದ ಉಪ್ಪು, ಒಣಮೀನು ಹೇರಿಕೊಂಡು ದೋಣಿಗಳು ನೇತ್ರಾವತಿಯಲ್ಲಿ ಮೇಲಕ್ಕೆ ಬರುತ್ತಿದ್ದವು. ಲಾರಿಗಳು ಹೆಚ್ಚಾಗಿ ಅವುಗಳ ಸಂಖ್ಯೆ ಇಳಿಯತೊಡಗಿತ್ತು, ಪೂರ್ತಿ ನಿಂತಿರಲಿಲ್ಲ. ಮಳೆ ಬಿಟ್ಟಿದ್ದರೂ ಹೊಳೆ ತುಂಬಿಯೇ ಇತ್ತು. ಕಡವಿನಲ್ಲಿ ತಮ್ಮ ಒಂದು ದೋಣಿಗೆ ಮೀನೆಣ್ಣೆ ಹಚ್ಚಿಸುತ್ತ ದೋಣಿಗಳ ಯಜಮಾನರೊಬ್ಬರು ಕೂತಿದ್ದರು, ಕರಾವಳಿಯ ಮುಸ್ಲಿಂ ವ್ಯಾಪಾರಿಗಳಾದ ಬ್ಯಾರಿಗಳವರು. ಅವರ ಇನ್ನೊಂದು ದೋಣಿ ಸರಕು ಹೇರಿಕೊಂಡು ಕೆಳಗಿನಿಂದ ಬರುವುದರಲ್ಲಿತ್ತು.

"ಏನು ಮಾಸ್ಟ್ರೇ, ಶಾಲೆಗೆ ರಜೆಯಾ?"

"ಇಲ್ಲ ಬ್ಯಾರಿಗಳೇ, ಶಾಲೆಯನ್ನು ಇಲ್ಲಿಗೆ ತಂದಿದ್ದೇನೆ. ಇವರಿಗೆ ಪಾಠ."

"ಹಾಗಾದರೆ ಇವರ ಫೀಸು ನನಗೆ ಬರಬೇಕು" ಎಂದು ಅವರು ನಕ್ಕು, ಕೂರಲು ಒಂದು ಹಲಗೆ ತೋರಿಸಿದರು.

ದೋಣಿ ಕಾಣಿಸಿತು. ಎರಡೂ ಬದಿಯಲ್ಲಿ ಆಳುಗಳು ಉದ್ದದ ಬಿದಿರ ಗಳವನ್ನು ನೀರಿನ ತಳಕ್ಕೆ ಊರಿ, ಇನ್ನೊಂದು ತುದಿಯನ್ನು ಭುಜಕ್ಕೆ ಒತ್ತಿ, ಮುಂದಿನಿಂದ ಹಿಂದಕ್ಕೆ ದೋಣಿಯ ಅಂಚಿನ ಮೇಲೆ ನಡೆಯುತ್ತಿದ್ದರು. ತುದಿ ಮುಟ್ಟಿದೊಡನೆ ಗಳ ಕಿತ್ತು, ಓಡಿ ಬಂದು, ಮತ್ತೆ ಊರುವುದು. ಮೂತಿಯ ಹತ್ತಿರ ನೀರು ಬೆಳ್ಳಗೆ ನೊರೆಯಾಗಿ ಸೀಳಿ ಹಿಂದಕ್ಕೆ ಹೋಗುತ್ತಿತ್ತು. ಒಳ್ಳೆಯ ವೇಗದಲ್ಲಿ ಬರುತ್ತಿದೆ ಎಂದು ನಾನು ಹೇಳಿದೆ.

"ನೀರು ನೋಡಬೇಡಿ. ಆಚೆ ದಡದಲ್ಲಿ ಒಂದು ಹೊನ್ನೆಮರ ಉಂಟಲ್ಲ, ಅದನ್ನು ನೋಡಿ" ಎಂದರು ಮಾಸ್ಟ್ರು.

ನೋಡಿದೆ. ಮರ ದೋಣಿಯ ಮೂತಿಗೆ ನೇರವಾಗಿತ್ತು. ಆಳುಗಳು ಹಲವು ಸಲ ಹೋಗಿ ಬಂದರು. ನೊರೆ ಹರಿಯುತ್ತಲೇ ಇತ್ತು. ಮರ ಮೂತಿಗೆ ನೇರವಾಗಿಯೇ ಇತ್ತು. ದೋಣಿ ಒಂದು ಮಾರೂ ಸರಿದಿರಲಿಲ್ಲ.

"ಅವರು ಕೆಲಸ ಮಾಡ್ತಾ ಇಲ್ಲ ಅಂತ ನಾನು ಹೇಳುವುದಿಲ್ಲ. ಅಷ್ಟು ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಆದರೆ ದೋಣಿ ಹೆಡ್‌ವೇ ಮಾಡ್ತಾ ಉಂಟು ಅಂತ ಬರೆಯಲಿಕ್ಕೆ ಆಗುವುದಿಲ್ಲ. ಮಾತು ಹುಟ್ಟಿದ್ದು ಹಡಗಿನವರ ಬಾಯಲ್ಲಿ. ಅವರು ಬೆವರು ಅಳೆಯುತ್ತಿರಲಿಲ್ಲ, ದಡ ನೋಡಿ ಹೇಳುತ್ತಿದ್ದರು."

ಬ್ಯಾರಿಗಳಿಗೆ ಇದು ಹಿಡಿಸಲಿಲ್ಲ. "ಅಷ್ಟೂ ಮಾಡದಿದ್ದರೆ ದೋಣಿ ಮಂಗಳೂರಿಗೆ ವಾಪಸ್ ಹೋಗ್ತದೆ ಮಾಸ್ಟ್ರೇ. ನಿಂತದ್ದು ನಿಮಗೆ ಲೆಕ್ಕಕ್ಕೆ ಇಲ್ಲವಾ?"

"ಉಂಟು ಬ್ಯಾರಿಗಳೇ. ಅದಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ಮಾತುಂಟು. ಅದೂ ಸಣ್ಣ ಮಾತಲ್ಲ. ಆದರೆ ಇದು ಅಲ್ಲ."

ಸ್ವಲ್ಪ ಹೊತ್ತಿನಲ್ಲಿ ಆಳುಗಳು ದೋಣಿಯನ್ನು ದಡದ ಬದಿಗೆ ಒತ್ತಿದರು. ಅಲ್ಲಿ ಸೆಳವು ಕಡಿಮೆ. ಮರ ನಿಧಾನವಾಗಿ ಹಿಂದೆ ಸರಿಯಿತು. ಮಾಸ್ಟ್ರು ಕೊಡೆಯ ತುದಿಯಿಂದ ತೋರಿಸಿದರು. "ಈಗ. ಈಗ ಹೇಳಬಹುದು."

ಹಿಂದಿರುಗುವಾಗ ಮಾಸ್ಟ್ರು ದಾರಿ ಏರುವಲ್ಲಿ ನಿಂತು, "ನಾನೂ ದಿನಾ ಗಳ ಊರಿ ನಡೀತೇನೆ... ಅವಳೂ..." ಎಂದು ಅಲ್ಲಿಗೇ ಬಿಟ್ಟರು. ಸೇತುವೆಯ ಸುದ್ದಿಯನ್ನು ಮರುದಿನ ಅಲ್ಲಿಗೆ ಹೋಗಿ ನೋಡಿ ಬರೆದೆ.

ಆಕೆಯ ಅಣ್ಣ ತಿಂಗಳಿಗೊಮ್ಮೆ ಮುಂಡಾಜೆಯಿಂದ ಬರುತ್ತಿದ್ದರು. ಗದ್ದೆ, ತೋಟದ ಯಜಮಾನರು, ಮೆಲುದನಿಯವರು. ಅವರದು ಅಳಿಯಸಂತಾನದ ಮನೆ. ಆ ಕಟ್ಟಿನಲ್ಲಿ ಹೆಣ್ಣು ಮದುವೆಯಾದರೂ ತಾಯಿಮನೆಯವಳೇ. ಅವಳ ಪಾಲು ಅಲ್ಲಿ, ಅವಳ ಕಷ್ಟಸುಖದ ಮಾತು ಅಣ್ಣನದು. ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅವರು ಹೇಳಿದರೆ ಗಂಡ ಬೇಡ ಎನ್ನುವ ರೂಢಿ ಇರಲಿಲ್ಲ. ಆದರೂ ಅವರು ಹಾಗೆ ಹೇಳದೆ ಒಂದು ವರ್ಷ ಕಾದರು. ಸೆಪ್ಟೆಂಬರಿನ ಕೊನೆಗೆ ಒಂದು ಮಧ್ಯಾಹ್ನ ಆಕೆ ಒಬ್ಬರೇ ಕಾಲೆಳೆದುಕೊಂಡು ಹೊಳೆಯ ದಾರಿ ಹಿಡಿದು, ಕಡವಿನ ಹತ್ತಿರ ಕುಸಿದು ಕೂತಿದ್ದರು. ಎತ್ತಿಕೊಂಡು ಬಂದವರು ದೋಣಿಯ ಆಳುಗಳು. ಸುದ್ದಿ ಮುಂಡಾಜೆಗೆ ಮುಟ್ಟಿತು. ಅಣ್ಣ ಬಂದು, ದೀಪಾವಳಿಯವರೆಗೆ ನೋಡುವ, ಸ್ವಲ್ಪವೂ ಸುಧಾರಣೆ ಕಾಣದಿದ್ದರೆ ಮನೆಗೆ ಕರೆದುಕೊಂಡು ಹೋಗ್ತೇನೆ ಭಾವ, ಎಂದರು. ಮಾಸ್ಟ್ರು ಒಪ್ಪಿದರು.

ಅಕ್ಟೋಬರಿನಲ್ಲಿ ಪಾಠ ಬೆಳಿಗ್ಗೆ ಮಾತ್ರವಲ್ಲ, ಸಂಜೆಯೂ ನಡೆಯಿತು. ಒಂದು ದಿನ ಬಾಯಮ್ಮ ಜಗಲಿಯಲ್ಲಿ ಓಡಿ ಬಂದು ನನ್ನ ಬಾಗಿಲು ಬಡಿದರು. "ಅವಳು ನೀರ್ ಅಂತ ಹೇಳಿದಳು, ನಾನು ನನ್ನ ಎರಡು ಕಿವಿಯಲ್ಲಿ ಕೇಳಿದೆ" ಎಂದರು. ಮಾಸ್ಟ್ರು ಶಾಲೆಯಿಂದ ಬಂದ ಕೂಡಲೇ ತಡಪೆ ಇಟ್ಟರು. ಆಕೆ ಲೋಟ ನೋಡಿದರು, ಮಾಸ್ಟ್ರನ್ನು ನೋಡಿದರು. ಬಲೆ. ಮರುದಿನ, ಅದರ ಮರುದಿನ, ಆ ವಾರವಿಡೀ ಲೋಟದ ನೀರು ಬದಲಾಯಿತು, ಮಾತು ಬದಲಾಗಲಿಲ್ಲ.

"ಹಾಗಾದರೆ ನಾನು ಕೇಳಿದ್ದು ಸುಳ್ಳಾ?" ಎಂದು ಬಾಯಮ್ಮ ಕೇಳಿದರು.

"ಸುಳ್ಳಲ್ಲ ಬಾಯಮ್ಮ. ಒಂದು ಸಲ ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂದರೆ ಅದನ್ನು ಮುಂದೆ ಹೋದದ್ದು ಅಂತ ಹೇಳುವುದಿಲ್ಲ."

"ನಿಮ್ಮ ಇಂಗ್ಲಿಷನ್ನು ಹೊಳೆಗೆ ಬಿಸಾಡಿ. ಅವಳ ಅಣ್ಣ ಬಂದು ಕೇಳಿದಾಗ ಉಂಟು ಅಂತ ಹೇಳಿ. ಒಂದು ಮಾತಾದರೂ ಬಂತಲ್ಲ. ನಾನು ಸಾಕ್ಷಿ ಹೇಳ್ತೇನೆ."

ಮಾಸ್ಟ್ರು ತಡಪೆಯಲ್ಲಿ ಉಳಿದ ಉಪ್ಪನ್ನು ಡಬ್ಬಿಗೆ ತಿರುಗಿ ಹಾಕಿದರು.

ನವೆಂಬರಿನ ಆ ಬೆಳಿಗ್ಗೆ ಕಾರು ರಸ್ತೆಯಲ್ಲೇ ನಿಂತಿತು. ಅಣ್ಣ ಕೆಳಗಿಳಿದು ಬಂದು ಜಗಲಿಯ ಮೇಲೆ ಕೂತರು. ಬಾಯಮ್ಮ ಬೆಲ್ಲ, ನೀರು ತಂದಿಟ್ಟರು. ಆಕೆ ಒಳಗೆ ಮಂಚದ ಮೇಲಿದ್ದರು. ಬಾಯಮ್ಮ ತಲೆ ಬಾಚಿ, ಹೂ ಮುಡಿಸಿದ್ದರು.

"ಭಾವ, ನೀವು ಪಟ್ಟ ಪಾಡು ನನಗೆ ಗೊತ್ತುಂಟು" ಎಂದರು ಅಣ್ಣ. "ಬೇರೆಯವರ ಮಾತು ನನಗೆ ಬೇಡ. ನೀವು ಹೇಳಿ. ಸ್ವಲ್ಪವಾದರೂ ಮುಂದೆ ಹೋಗ್ತಾ ಉಂಟಾ? ಉಂಟು ಅಂತ ಹೇಳಿದರೆ ಈ ಕಾರನ್ನು ಖಾಲಿ ತೆಗೆದುಕೊಂಡು ಹೋಗ್ತೇನೆ. ಮತ್ತೊಂದು ವರ್ಷ ನಾನು ಈ ಮಾತು ಎತ್ತುವುದಿಲ್ಲ."

ಬಾಯಮ್ಮ ಬಾಗಿಲ ಹತ್ತಿರ ನಿಂತಿದ್ದರು. ಮಾಸ್ಟ್ರ ಮುಖವನ್ನೇ ನೋಡುತ್ತಿದ್ದರು. ರಸ್ತೆಯಲ್ಲಿ ಕಾರಿನ ಡ್ರೈವರ್ ಯಾರೊಡನೆಯೋ ನಗುತ್ತ ಮಾತಾಡುವುದು ಕೇಳಿಸುತ್ತಿತ್ತು...

"ಇಲ್ಲ ಭಾವ" ಎಂದರು ಮಾಸ್ಟ್ರು. "ಮುಂದೆ ಹೋಗ್ತಾ ಇಲ್ಲ."

ಬಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ತಮ್ಮ ಬಿಡಾರಕ್ಕೆ ಹೋದರು. ಅಣ್ಣ ತಲೆ ತಗ್ಗಿಸಿ ಕೂತಿದ್ದರು. ಬೇರೆ ಉತ್ತರವನ್ನು ಅವರೂ ಬಯಸಿದ್ದರು ಎಂದು ನನಗೆ ಆಗ ಅನ್ನಿಸಿತು.

ಮಾಸ್ಟ್ರೂ ಅಣ್ಣನೂ ಆಕೆಯನ್ನು ಎರಡು ಬದಿಯಲ್ಲಿ ಹಿಡಿದು ಕಾರಿನವರೆಗೆ ನಡೆಸಿದರು. ಬಟ್ಟೆಯ ಗಂಟನ್ನು ನಾನು ತಂದೆ. ಹಿಂದಿನ ಸೀಟಿನಲ್ಲಿ ಕೂತ ಆಕೆ ಎಡಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಮಾಸ್ಟ್ರ ಅಂಗಿ ಹಿಡಿದುಕೊಂಡು ಬಲೆ ಎಂದರು. ಮತ್ತೆ ಮತ್ತೆ ಹೇಳಿದರು. ಡ್ರೈವರ್ ಗಾಬರಿಯಿಂದ, "ಮಾಸ್ಟ್ರೇ, ಅಮ್ಮ ನಿಮ್ಮನ್ನು ಕರೀತಾ ಇದ್ದಾರೆ. ಹತ್ತಿ, ಜಾಗ ಉಂಟು" ಎಂದ.

"ಅವಳು ಎಲ್ಲರಿಗೂ ಹೇಳುವುದು ಅದನ್ನೇ" ಎಂದು ಮಾಸ್ಟ್ರು ಆಕೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆ ದಿನ ಅವರು ಶಾಲೆಗೆ ಹೋದರು. ಪಾಠ ಮಾಡಿದರು ಎಂದು ಹುಡುಗರು ಹೇಳಿದರು.

ಇಲ್ಲಿಯವರೆಗೆ ನಾನು ಕಂಡದ್ದು. ಮುಂದಿನದರಲ್ಲಿ ಹೆಚ್ಚಿನ ಪಾಲು ಮಾಸ್ಟ್ರೇ ಹೇಳಿದ್ದು.

ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಬೆಳ್ತಂಗಡಿಗೆ, ಅಲ್ಲಿಂದ ಮುಂಡಾಜೆಗೆ ಹೋಗುತ್ತಿದ್ದರು. ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್. ಹುಡುಗರ ಭಾನುವಾರದ ತರಗತಿ ನಿಂತಿತು. ಮೊದಲ ಸಲ ಹೋದಾಗ ಹೆಂಡತಿಯ ಪಾಠ ಮುಂದುವರಿಸುವ ಯೋಚನೆಯಿಂದಲೇ ಹೋಗಿದ್ದರು. ಆ ಮನೆಯಲ್ಲಿ ಹೆಂಗಸರು ಮಕ್ಕಳು ಬಹಳ. ಆಕೆ ಬಲೆ ಎಂದಾಗಲೆಲ್ಲ ಯಾರಾದರೊಬ್ಬರು "ಬತ್ತೆ" ಎನ್ನುತ್ತಿದ್ದರು. ಬಂದೆ ಎಂದು. ಅಡುಗೆಮನೆಯಿಂದ, ಅಂಗಳದಿಂದ, ಕೊಟ್ಟಿಗೆಯಿಂದ. ಒಂದು ಮಗು ಓಡಿ ಬಂದು ತೊಡೆಯ ಮೇಲೆ ಕೂರುತ್ತಿತ್ತು. ಆಕೆಯ ಮುಖಕ್ಕೆ ಕಳೆ ಬಂದಿತ್ತು. ಮಾಸ್ಟ್ರು ತೆಂಗಿನಕಾಯಿ ಎತ್ತಿ ಹೆಸರು ಹೇಳಿದರೆ, ಆಕೆ ಅವರ ತುಟಿ ನೋಡುವುದನ್ನು ಬಿಟ್ಟು ಮಗುವಿನ ತಲೆ ನೇವರಿಸುತ್ತಿದ್ದರು.

"ಅವಳು ಪ್ರಯತ್ನ ಬಿಟ್ಟಿದ್ದಾಳೆ" ಎಂದು ನನಗೆ ಹೇಳಿದರು. "ಸುಖವಾಗಿದ್ದಾಳೆ. ನಾನು ಗಳ ಊರಿದರೆ ಅಳ್ತಾಳೆ. ಹೇಳಿ, ನಾನು ಏನು ಮಾಡಬೇಕು?"

ಕೆಲವು ತಿಂಗಳ ಬಳಿಕ ಅವರು ಪಾಠ ನಿಲ್ಲಿಸಿದರು. ಶನಿವಾರದ ಬಸ್ಸು ನಿಲ್ಲಿಸಲಿಲ್ಲ.

ಮುಂದೆ ನಾನು ಪತ್ರಿಕೆಯ ಮಂಗಳೂರಿನ ಕಚೇರಿಗೆ ಕೆಲಸಕ್ಕೆ ಹೋದೆ. ಅವರಿಗೆ ಮೂಡಬಿದಿರೆಯ ಕಡೆಯ ಒಂದು ಶಾಲೆಗೆ ವರ್ಗವಾಯಿತು. ಅಲ್ಲಿಂದ ಮುಂಡಾಜೆ ಇನ್ನಷ್ಟು ದೂರ, ಬಸ್ಸು ಕಡಿಮೆ. ಶನಿವಾರಗಳು ತಿಂಗಳಿಗೊಂದಾದವು, ಆಮೇಲೆ ರಜೆಗಳಿಗೆ ಮಾತ್ರ ಉಳಿದವು. ಕಚೇರಿಯಲ್ಲಿ ತಂತಿಯ ಮೂಲಕ ಬರುವ ಇಂಗ್ಲಿಷ್ ಸುದ್ದಿಗಳಲ್ಲಿ ಆ ನುಡಿಗಟ್ಟು ವಾರದಲ್ಲಿ ಹಲವು ಬಾರಿ ಬರುತ್ತಿತ್ತು. ಮಾತುಕತೆ ಹೆಡ್‌ವೇ ಮಾಡುತ್ತಿದೆ, ತನಿಖೆ ಮಾಡುತ್ತಿದೆ, ಯೋಜನೆ ಮಾಡುತ್ತಿದೆ. ಹೊಸಬರು 'ಗಣನೀಯ ಪ್ರಗತಿ' ಎಂದು ಬರೆದು ತಂದರೆ, ಹಾಗೆಂದು ಹೇಳಿದವರು ಯಾರು ಎಂದು ಕೇಳಿ, ಅವರ ಹೆಸರು ಸೇರಿಸಿ ಅಚ್ಚಿಗೆ ಕಳಿಸುತ್ತಿದ್ದೆ. 'ಗಣನೀಯ' ಹೊಡೆದುಹಾಕುತ್ತಿದ್ದೆ.

ಕೊನೆಯ ಸಲ ಅವರನ್ನು ಕಂಡದ್ದು ಮೂಡಬಿದಿರೆಯ ಬಸ್ ನಿಲ್ದಾಣದಲ್ಲಿ. ತುಂಬ ಸೊರಗಿದ್ದರು. ಕೆಮ್ಮು ಇತ್ತು. ಹೋಟೆಲಿನಲ್ಲಿ ಚಹಾ ಕುಡಿಯುವಾಗ, "ಆ ದಿನ ಉಂಟು ಅಂತ ಹೇಳಿದ್ದರೆ..." ಎಂದು ಶುರುಮಾಡಿದರು. ವಾಕ್ಯ ಮುಗಿಯಲಿಲ್ಲ. ಅವರ ಬಸ್ಸು ಬಂತು.

ಮಾಸ್ಟ್ರು 1967ರ ಮಳೆಗಾಲದಲ್ಲಿ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಲುಪಿತು. ಮೂರು ಬಿಡಾರಗಳಿದ್ದ ಜಾಗದಲ್ಲಿ ಈಗ ಒಂದು ದಾಸ್ತಾನು ಕೊಟ್ಟಿಗೆಯಿದೆ. ಬಾಯಮ್ಮನ ಸಂಸಾರ ಬೊಂಬಾಯಿಯಲ್ಲಿ ಮಗನ ಜೊತೆ ಇದೆ ಎಂದು ಕೇಳಿದ್ದೇನೆ.

ಪಾಣೆಮಂಗಳೂರಿನಲ್ಲಿ ಬಸ್ಸು ಕೆಟ್ಟ ಮರುವಾರ ನಾನು ಮುಂಡಾಜೆಗೆ ಹೋಗಿದ್ದೆ. ಅಣ್ಣ ಮುದುಕರಾಗಿದ್ದಾರೆ, ನನ್ನ ಗುರುತು ಹಿಡಿದರು. ಆಕೆ ಬದುಕಿದ್ದಾರೆ. ಮಾಸ್ಟ್ರು ಹೋದ ವಿಷಯವನ್ನು ಆಕೆಗೆ ಮನೆಯವರು ಆಗಲೇ ಹೇಳಿದ್ದರಂತೆ. ಅರ್ಥವಾಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕಳೆದ ವರ್ಷ ಮತ್ತೊಮ್ಮೆ ಪಾರ್ಶ್ವವಾಯು ಆಯಿತು. ಅಂದಿನಿಂದ ಆ ಒಂದು ಮಾತೂ ಇಲ್ಲ.